‘ಕೊಯ್ದುಬಿಟ್ಟರೆ ಏನು ಮಾಡಲಿ ಮೇಡಂ?’

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಲಾಗಿದೆ.)

ಶೈಲಾ ಹೈಸ್ಕೂಲಿನ ಲೆಕ್ಕದ ಟೀಚರ್. ಚೊಚ್ಚಲ ಬಸಿರು, ತವರಿಗೆ ಬಂದಿದ್ದರು. ಬಸಿರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಪಥ್ಯದಲ್ಲೇ ಹತೋಟಿಯಲ್ಲಿತ್ತು. 40 ವಾರ ತುಂಬಿದರೂ ನೋವಿನ ಸುಳಿವಿಲ್ಲ. ಗುರುವಾರ ಅಡ್ಮಿಟ್ ಆಗಿ, ಔಷಧಿ ಕೊಟ್ಟು ನೋವು ಬರಿಸೋಣ ಎಂದರಂತೆ ಡಾಕ್ಟರು. ಅಂದಿನಿಂದ ಇವರಿಗೆ ನಿದ್ದೆಯಿಲ್ಲ, ಆಪ್ತಸಲಹೆಗೆಂದು ನನ್ನ ಬಳಿ ಬಂದರು.

“ಜೆಲ್ ಇಟ್ಟರೆ ಕೊನೆಗೆ ಆಪರೇಷನ್ನೇ ಅಂತಾರೆ ಎಲ್ಲರೂ. ನಮ್ಮತ್ತೆ ದಿನಾ ಫೋನ್ ಮಾಡಿ, ನಮ್ಮ ಮನೇಲಿ ಯಾರೂ ಹೊಟ್ಟೆ ಕುಯ್ಸಿಕೊಂಡಿಲ್ಲ ಅಂತಾರೆ. ಕೊಯ್ದುಬಿಟ್ಟರೆ ಏನು ಮಾಡಲಿ ಮೇಡಂ?”

ಆಪರೇಷನ್ನಿನಲ್ಲಿ ಯಾವುದರ ಭಯ ಎಂದು ಕೇಳಿದೆ. ಸೂಜಿಯದಾ, ನೋವಿನದಾ, ಮಗುವಿನದಾ? ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತು, “ಅತ್ತೆಗೆ ಯಾರು ಹೇಳೋದು ಅಂತ” ಎಂದರು.

ಹೆರಿಗೆಯ ಭಯ ಎಂದುಕೊಂಡು ಬರುವವರಲ್ಲಿ ಇದನ್ನು ಆಗಾಗ ನೋಡುತ್ತೇನೆ. ಮುಂದೇನು ನಡೆಯುತ್ತದೋ ಗೊತ್ತಿಲ್ಲ ಎಂಬ ದಿಗಿಲು ಒಂದು, ಜನ ಏನೆನ್ನುತ್ತಾರೋ ಎಂಬುದು ಇನ್ನೊಂದು. ಎರಡೂ ಗಂಟು ಬಿದ್ದಿರುತ್ತವೆ. ಮೊದಲನೆಯದಕ್ಕೆ ಮಾಹಿತಿ ಸಾಕು, ಹಾಗಾಗಿ ಅಲ್ಲಿಂದ ಶುರು ಮಾಡಿದೆ.

ಜೆಲ್ ಗರ್ಭಕೋಶದ ಬಾಯಿಯನ್ನು ಮೆತ್ತಗಾಗಿಸುತ್ತದೆ, ಇಟ್ಟ ತಕ್ಷಣ ಹೆರಿಗೆಯಾಗುವುದಿಲ್ಲ. ಕೆಲವು ಗಂಟೆ ಬಿಟ್ಟು ಪರೀಕ್ಷಿಸಿ, ಬೇಕಾದರೆ ಮತ್ತೆ ಇಡುತ್ತಾರೆ. ಆಮೇಲೆ ನೀರಿನ ಚೀಲ ಒಡೆಯುವುದು, ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್. ಚೊಚ್ಚಲಿಗೆ ಒಂದೂವರೆ-ಎರಡು ದಿನ ಹಿಡಿದರೂ ಆಶ್ಚರ್ಯವಿಲ್ಲ. ಇದನ್ನು ಮೊದಲೇ ತಿಳಿಯದವರು ಮೊದಲ ರಾತ್ರಿಯೇ ‘ನನ್ನ ಕೈಲಾಗಲ್ಲ’ ಎಂದು ಕೈಚೆಲ್ಲುತ್ತಾರೆ. ಮೊದಮೊದಲು ಎಳೆನೋವು ಬಂದಾಗ ಉಸಿರು ಬಿಗಿಹಿಡಿಯದೆ, ಆದಷ್ಟೂ ನಿದ್ದೆ ಮಾಡಿ ಎಂದೆ. ಡಾಕ್ಟರು ಒಪ್ಪಿದರೆ ತಿಂಡಿ ತಿನ್ನಿ, ವಾರ್ಡಿನಲ್ಲಿ ಅಡ್ಡಾಡಿ. ನೋವು ಬಲಿತಾಗ ಉಸಿರನ್ನು ಬಾಯಿಂದ ನಿಧಾನವಾಗಿ, ಉದ್ದಕ್ಕೆ ಬಿಡಿ. ಅಲ್ಲೇ ಕೂತು ಅಭ್ಯಾಸ ಮಾಡಿಸಿದೆ. ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ಸಿಗುತ್ತದೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳಲೂ ಹೇಳಿದೆ.

ಲೆಕ್ಕದ ಟೀಚರ್ ಅಲ್ಲವೇ, ಅಂಕಿಅಂಶ ಕೇಳಿದರು. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, 39ನೇ ವಾರದಲ್ಲಿ ನೋವು ಬರಿಸಿಕೊಂಡ ಚೊಚ್ಚಲಿಗರಲ್ಲಿ ಶೇ 18.6 ಮಂದಿಗೆ ಸಿಸೇರಿಯನ್ ಆಯಿತು; ಕಾದು ನೋಡಿದವರಲ್ಲಿ ಶೇ 22.2. ಅವರೆಲ್ಲ ಬೇರೆ ತೊಂದರೆಯಿಲ್ಲದ ಬಸುರಿಯರು, ನಿಮ್ಮ ಲೆಕ್ಕ ಅದೇ ಆಗಬೇಕಿಲ್ಲ ಎಂದೂ ಹೇಳಿದೆ. ಆದರೆ ‘ಜೆಲ್ ಎಂದರೆ ಆಪರೇಷನ್ನೇ’ ಎಂಬ ಮಾತಿಗೆ ಆಧಾರವಿಲ್ಲ.

‘ಏನೂ ಆಗಲ್ಲ, ನಾರ್ಮಲ್ಲೇ ಆಗುತ್ತೆ’ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಗುವಿನ ಎದೆಬಡಿತ ಇಳಿದರೆ, ಗರ್ಭಕೋಶದ ಬಾಯಿ ತೆರೆಯದೇ ನಿಂತರೆ ಆಪರೇಷನ್ ಬೇಕಾಗಬಹುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಎಚ್ಚರವಿರುತ್ತದೆ. ಕೊಯ್ಯುವ ನೋವು ತಿಳಿಯದಿದ್ದರೂ ಎಳೆದಾಟ, ಒತ್ತಡ ತಿಳಿಯುತ್ತದೆ. ಮೈ ಗಡಗಡ ನಡುಗಬಹುದು, ಹೆದರಬೇಡಿ. ಮಗು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ, ಹೊಲಿಗೆಗೇ ಹೆಚ್ಚು ಹೊತ್ತು. ಅವಸರವಿಲ್ಲದಿದ್ದರೆ ಡಾಕ್ಟರನ್ನು ಮೂರು ಮಾತು ಕೇಳಿ: ಯಾಕೆ, ಈಗಲೇ ಆಗಬೇಕೇ, ಇನ್ನಷ್ಟು ಕಾದರೆ ಏನಾಗಬಹುದು. ಮಗುವನ್ನು ಎದೆಗೆ ಹಾಕಲು, ಮೊದಲ ಗಂಟೆಯೊಳಗೆ ಹಾಲೂಡಿಸಲು ನೆರವಾಗಿ ಎಂದು ನರ್ಸಿಗೆ ಮುಂಚೆಯೇ ಹೇಳಿಟ್ಟುಕೊಳ್ಳಿ.

ಇನ್ನು ಅತ್ತೆ. ಮರುದಿನ ಗಂಡನನ್ನು ಕರೆಸಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 31.5 ಹೆರಿಗೆಗಳು ಸಿಸೇರಿಯನ್. ಅದರಲ್ಲಿ ಬೇಡದ್ದೂ ಇರಬಹುದು, ಆ ವಾದ ಬೇರೆ. ನಿಮ್ಮ ಮನೆಯವರೇ ಮೊದಲಿಗರಾಗುವುದಿಲ್ಲ ಎಂದೆ. “ಅಮ್ಮಂಗೆ ನಾನೇ ಹೇಳ್ತೀನಿ. ಆಸ್ಪತ್ರೆಯಲ್ಲಿ ಇರೋವಷ್ಟು ದಿನ ಫೋನೂ ನನ್ನ ಹತ್ರಾನೇ ಇರಲಿ” ಎಂದರು ಆತ. ಶೈಲಾ ಮುಖ ಅರಳಿದ್ದು ಆಗಲೇ, ನನ್ನ ಅಂಕಿಅಂಶಕ್ಕಲ್ಲ! ಹೆರಿಗೆ ಕೋಣೆಯಲ್ಲಿ ಜೊತೆಗೆ ಯಾರಿರಬೇಕು ಎಂದಾಗ ಶೈಲಾ ಆರಿಸಿದ್ದು ಅಕ್ಕನನ್ನು. ಅಮ್ಮ ಅಳುತ್ತಾರಂತೆ.

ಶುಕ್ರವಾರ ರಾತ್ರಿ ಸಿಸೇರಿಯನ್ನೇ ಆಯಿತು. ಡ್ರಿಪ್ ಹಾಕಿದರೂ ಬಾಯಿ ಆರು ಸೆಂಟಿಮೀಟರಿಗೆ ನಿಂತಿತ್ತು, ಮಗುವಿನ ಎದೆಬಡಿತವೂ ಇಳಿಯತೊಡಗಿತ್ತು. ಹೆಣ್ಣುಮಗು, ಆರೋಗ್ಯವಾಗಿದೆ.

ಬಾಣಂತನದ ನಡುವೆ ಮತ್ತೆ ಬಂದರು. “ಅಷ್ಟು ನೋವು ತಿಂದು ಕೊನೆಗೂ ಕೊಯ್ಸಿಕೊಂಡೆನಲ್ಲ” ಎಂದು ಅತ್ತರು. ‘ಮಗು ಚೆನ್ನಾಗಿದೆಯಲ್ಲ, ಬಿಡಿ’ ಎಂದು ಮನೆಯಲ್ಲಿ ಎಲ್ಲರೂ ಆಗಲೇ ಹೇಳಿಯಾಗಿತ್ತು, ನಾನು ಹೇಳಲಿಲ್ಲ. ಮಗುವಿನ ಸಂತೋಷವೂ ಹೆರಿಗೆಯ ಬೇಸರವೂ ಒಟ್ಟಿಗೇ ಇರಬಹುದು ಎಂದೆ. ಊಟ, ನಿದ್ದೆ ವಿಚಾರಿಸಿದೆ. ಮಗುವಿನ ಮೇಲೆ ಅಕ್ಕರೆಯಿತ್ತು, ನಗುವೂ ಇತ್ತು. ಹೆರಿಗೆಯಾಗಿ ಎರಡು ವಾರ ಕಳೆದ ಮೇಲೂ ಮಂಕು ಕವಿದೇ ಇದ್ದರೆ, ಮಗು ಮಲಗಿದಾಗಲೂ ನಿದ್ದೆ ಹತ್ತದಿದ್ದರೆ, ಯಾವತ್ತೇ ಆಗಲಿ ಬದುಕೇ ಬೇಡ ಎನಿಸಿದರೆ ಕಾಯದೆ ಡಾಕ್ಟರ ಬಳಿ ಕರೆತನ್ನಿ ಎಂದು ಅಕ್ಕನಿಗೆ ಹೇಳಿದೆ.

ಹೊರಡುವಾಗ, ಇನ್ನೊಂದು ಮಗುವಿಗೂ ಹೀಗೆಯೇ ಆಗುತ್ತದೆಯೇ ಎಂದು ಕೇಳಿದರು. ಸಿಸೇರಿಯನ್ ಆದ ಹಲವರಿಗೆ ಮುಂದೆ ಸಹಜ ಹೆರಿಗೆಯಾಗುವುದುಂಟು, ಅದನ್ನು ಡಾಕ್ಟರು ಆಗಿನ ಪರಿಸ್ಥಿತಿ ನೋಡಿ ಹೇಳಬೇಕು. ಆಪರೇಷನ್ ಯಾಕಾಯಿತು, ಗರ್ಭಕೋಶವನ್ನು ಎಲ್ಲಿ ಹೇಗೆ ಕೊಯ್ದಿದ್ದಾರೆ ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಂಡು, ತಾಯಿ ಕಾರ್ಡಿನ ಜೊತೆಗಿಡಿ ಎಂದೆ.