‘ಬ್ರಹ್ಮಾಂಡದ ರಂಗೋಲಿ’ಯ ಲೇಖಕರಿಗೆ

ಮಾನ್ಯರೇ,

ನಿಮ್ಮ ‘ಬ್ರಹ್ಮಾಂಡದ ರಂಗೋಲಿ’ ಲೇಖನ ತಲುಪಿದೆ. ಭಾಷೆ ಸ್ವಚ್ಛವಾಗಿದೆ, ವಿಷಯದ ಮೇಲಿನ ಪ್ರೀತಿ ಎದ್ದು ಕಾಣುತ್ತದೆ, ಕೈಯಾರೆ ಬರೆದ ಚಿತ್ರಗಳೂ ಅಚ್ಚುಕಟ್ಟಾಗಿವೆ. ಶ್ರೀಚಕ್ರ, ಜೇನುಗೂಡು, ಸೂರ್ಯಕಾಂತಿಗಳ ಪುಟಗಳ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ನನ್ನನ್ನು ಕಾಡಿದ್ದು ಎರಡನೆಯ ಪುಟದ ಶುಕ್ರನ ಪ್ಯಾರಾ. ಸಿಟ್ಟು ಬರಿಸಿತು ಎಂದರೂ ತಪ್ಪಾಗದು, ಏಕೆಂದರೆ ಇಡೀ ಲೇಖನದ ಅತ್ಯುತ್ತಮ ಸರಕು ಇರುವುದು ಅಲ್ಲಿಯೇ, ಮತ್ತು ಅದನ್ನು ನೀವು ಒಂದೇ ವಾಕ್ಯದಲ್ಲಿ ಹಾಳುಮಾಡಿದ್ದೀರಿ.

ಆ ವಾಕ್ಯ ಹೀಗಿದೆ: “ಭೂಮಿಯು ಸೂರ್ಯನನ್ನು 8 ಬಾರಿ ಸುತ್ತುವಷ್ಟರಲ್ಲಿ ಶುಕ್ರನು ಕರಾರುವಾಕ್ಕಾಗಿ 13 ಬಾರಿ ಸುತ್ತಿ, ಭೂಮಿಯನ್ನು 5 ಬಾರಿ ಸಂಧಿಸಿ, ಆಗಸದಲ್ಲಿ ದೋಷರಹಿತ ಪಂಚದಳ ಪದ್ಮವೊಂದನ್ನು ಬರೆದು, ಹೊರಟ ಬಿಂದುವಿಗೇ ಮರಳುತ್ತಾನೆ.”

ಭೂಮಿಯನ್ನು ನಡುವೆ ಇಟ್ಟು ಶುಕ್ರನ ಹಾದಿಯನ್ನು ಬರೆದರೆ ಭೇಟಿಗೊಂದರಂತೆ ಐದು ದಳಗಳ ಹೂವು ಮೂಡುವುದೇನೋ ನಿಜ. ಆದರೆ ದಯವಿಟ್ಟು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ. 8 ವರ್ಷಗಳಿಗೆ 2922 ದಿನ. ಶುಕ್ರನ ಒಂದು ಸುತ್ತಿಗೆ 224.7 ದಿನದಂತೆ 13 ಸುತ್ತಿಗೆ 2921.1 ದಿನ. ಶುಕ್ರನು ಭೂಮಿ ಮತ್ತು ಸೂರ್ಯರ ನಡುವೆ ಮತ್ತೆ ಮತ್ತೆ ಬಂದು ನಿಲ್ಲುವ ಅವಧಿ ಸರಾಸರಿ 583.92 ದಿನ, ಅಂಥ 5 ಭೇಟಿಗಳಿಗೆ 2919.6 ದಿನ. ಅಂದರೆ ಐದನೆಯ ಭೇಟಿ ಮುಗಿದಾಗ 8 ವರ್ಷ ತುಂಬುವುದಕ್ಕೆ ಇನ್ನೂ 2.4 ದಿನ ಬಾಕಿ ಇರುತ್ತದೆ. ನಿಮ್ಮ ಶೀರ್ಷಿಕೆಯ ಮಾತಿನಲ್ಲೇ ಹೇಳುವುದಾದರೆ, ರಂಗೋಲಿಯ ಎಳೆ ಹೊರಟ ಚುಕ್ಕಿಗೆ ಬಂದು ಕೂಡದೆ ತುಸು ಈಚೆಗೇ ನಿಂತುಬಿಡುತ್ತದೆ. ಮುಂದಿನ 8 ವರ್ಷಗಳ ಹೂವು ಅಲ್ಲಿಂದ ಹೊರಡುವುದರಿಂದ ಇಡೀ ಪದ್ಮವೇ ನಿಧಾನವಾಗಿ ತಿರುಗುತ್ತಾ ಹೋಗಿ, ಸುಮಾರು 240 ವರ್ಷಗಳಲ್ಲಿ ಒಂದು ದಳವು ಪಕ್ಕದ ದಳದ ಜಾಗಕ್ಕೆ ಬಂದು ಸೇರುತ್ತದೆ.

ಇದು ಪುಕ್ಕಲು ಸಂಪಾದಕನ ದಶಮಾಂಶದ ಚೇಷ್ಟೆ ಎಂದು ನೀವು ಭಾವಿಸಬಹುದು. ಈ 2.4 ದಿನವನ್ನು ನಮ್ಮಲ್ಲಿ ಸಾವಿರಾರು ಜನ ಕಣ್ಣಾರೆ ಕಂಡಿದ್ದಾರೆ. 2004ರ ಜೂನ್ 8ರಂದು ಶುಕ್ರ ಸಂಕ್ರಮಣವಾಯಿತು, ಎಂದರೆ ಶುಕ್ರನು ಸೂರ್ಯಬಿಂಬದ ಮೇಲೆ ಕರಿಚುಕ್ಕಿಯಾಗಿ ಹಾದುಹೋದ. ಮುಂದಿನ ಸಂಕ್ರಮಣ ಭಾರತದಲ್ಲಿ ಕಂಡದ್ದು 2012ರ ಜೂನ್ 6ರ ಬೆಳಿಗ್ಗೆ. 8ರ ಬದಲು 6, ನೋಡಿ. ಶುಕ್ರನ ಕಕ್ಷೆ ನಮ್ಮ ಕಕ್ಷೆಗೆ ಸುಮಾರು 3.4 ಡಿಗ್ರಿ ಓರೆಯಾಗಿರುವ ಕಾರಣ, ಆ ಎರಡು ದಿನಗಳ ಅಂತರದಿಂದ ಅವನು ಹಾಯುವ ಗೆರೆ ಬಿಂಬದ ವ್ಯಾಸದ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿನಷ್ಟು ಪಕ್ಕಕ್ಕೆ ಸರಿಯಿತು: 2004ರಲ್ಲಿ ಬಿಂಬದ ದಕ್ಷಿಣಾರ್ಧದಲ್ಲಿದ್ದ ಗೆರೆ 2012ರಲ್ಲಿ ಉತ್ತರಾರ್ಧಕ್ಕೆ ಬಂತು, ಮತ್ತೊಮ್ಮೆ ಅಷ್ಟೇ ಸರಿದಾಗ ಬಿಂಬವೇ ಮುಗಿದುಹೋಯಿತು. 2020ರ ಜೂನ್ 3ರಂದು ಶುಕ್ರ ಸೂರ್ಯನ ಉತ್ತರಕ್ಕೆ, ಬಿಂಬವನ್ನು ಮುಟ್ಟದೆ ದಾಟಿದ. ಇನ್ನು ಸಂಕ್ರಮಣ ನೋಡಬೇಕೆಂದರೆ 2117ರವರೆಗೆ ಕಾಯಬೇಕು. ನಿಮ್ಮ ಹೂವು ನೀವು ಹೇಳಿದ ಹಾಗೆ ಕೂಡಿಕೊಂಡಿದ್ದರೆ ಪ್ರತಿ 8 ವರ್ಷಕ್ಕೊಮ್ಮೆ, ಅದೇ ತಾರೀಖಿಗೆ, ತಪ್ಪದೆ ಸಂಕ್ರಮಣವಾಗಬೇಕಿತ್ತು.

ನಾನು ಒಂದು ಮಾಸಪತ್ರಿಕೆಯಲ್ಲಿ ಕರಡು ತಿದ್ದಲು ಸೇರಿದಾಗ ನನ್ನ ಮೇಲಿದ್ದ ಹಿರಿಯ ಉಪಸಂಪಾದಕರು ಹಿಂದೆ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಲೇಖನದಲ್ಲಿ ಎಲ್ಲೇ ಅನುಪಾತವೊಂದು ಕಂಡರೂ ಅಂಚಿನ ಖಾಲಿ ಜಾಗದಲ್ಲಿ ಕೆಂಪು ಶಾಯಿಯಿಂದ ಭಾಗಾಕಾರ ಮಾಡಿ, ಭಾಗಲಬ್ಧವನ್ನು ಹಾಗೇ ಬಿಟ್ಟು, ಶೇಷಕ್ಕೆ ಮಾತ್ರ ಸುತ್ತು ಹಾಕುತ್ತಿದ್ದರು. ನಾನು ತಿದ್ದಿದ ಹಾಳೆಯನ್ನು ಕೈಗೆತ್ತಿಕೊಂಡು “ಶೇಷ ಎಲ್ಲಪ್ಪಾ?” ಎನ್ನುವುದು ಅವರ ವಾಡಿಕೆ. 2004ರ ಸಂಕ್ರಮಣದ ದಿನ ಕಚೇರಿಯ ತಾರಸಿಯಲ್ಲಿ ಸಣ್ಣ ದೂರದರ್ಶಕದಿಂದ ಸೂರ್ಯಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ, ಮೋಡ ಸರಿದಾಗಲೆಲ್ಲ ಕರಿಚುಕ್ಕಿ ಇದ್ದ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿ ಪಕ್ಕದಲ್ಲಿ ಗಂಟೆ-ನಿಮಿಷ ಬರೆಯುವ ಕೆಲಸ ನನ್ನದಾಗಿತ್ತು. 2012ರ ಹೊತ್ತಿಗೆ ಅವರು ನಿವೃತ್ತರಾಗಿದ್ದರೂ ಅದೇ ರಟ್ಟನ್ನು ಜೋಪಾನವಾಗಿಟ್ಟುಕೊಂಡಿದ್ದರು. ಅದರ ಮೇಲೆಯೇ ಎರಡನೆಯ ಗೆರೆಯನ್ನು ಎಳೆಸಿ, ಎರಡೂ ಗೆರೆಗಳ ನಡುವಿನ ಬಿಳಿಯ ಜಾಗವನ್ನು ಅಳೆಯಲು ಹೇಳಿದರು. ಆ ರಟ್ಟನ್ನು ಕಂಡವನಾದ್ದರಿಂದ ನಿಮ್ಮ ‘ದೋಷರಹಿತ’ ನನಗೆ ಇಷ್ಟು ಚುಚ್ಚುತ್ತದೆ.

ಅದೇ ಪ್ಯಾರಾದ ಮುಂದಿನ ವಾಕ್ಯ: “5, 8, 13 ಎಂಬ ಫಿಬೊನಾಚಿ ಸಂಖ್ಯೆಗಳ ದಿವ್ಯ ಸೂತ್ರದಿಂದ ಈ ಗ್ರಹಗಳು ಬಂಧಿತವಾಗಿವೆ ಎಂದು ವಿಜ್ಞಾನಿಗಳು ಹೇಳುತ್ತಾರೆ.” ಯಾವ ವಿಜ್ಞಾನಿಗಳು? ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಫಿಬೊನಾಚಿ ಸಾಲಿನಲ್ಲಿ ಈ ಮೂರು ಸಂಖ್ಯೆಗಳಿರುವುದು ಸರಿ, ಆದರೆ 8ಕ್ಕೆ 13 ಎಂಬ ಈ ಹೊಂದಾಣಿಕೆಯನ್ನು ಯಾವ ಬಲವೂ ಹಿಡಿದಿಟ್ಟಿಲ್ಲ. ಅದು ಸಮೀಪದ ಕಾಕತಾಳೀಯ. ನಿಜವಾಗಿ ಬಂಧಿತವಾದ ಲಯ ನಿಮಗೆ ಬೇಕಿದ್ದರೆ ಗುರುಗ್ರಹದ ಬಳಿಗೆ ಹೋಗಿ: ಗ್ಯಾನಿಮೀಡ್ ಒಂದು ಸುತ್ತು ಬರುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕುತ್ತವೆ, ಮತ್ತು ಆ ಮೂರು ಉಪಗ್ರಹಗಳ ಪರಸ್ಪರ ಗುರುತ್ವವೇ ಈ ಲಯವನ್ನು ಕಾಯುತ್ತದೆ. ಈ ಲಯವು ಅಯೋದ ಕಕ್ಷೆಯನ್ನು ಪೂರ್ತಿ ದುಂಡಾಗಲು ಬಿಡದ ಕಾರಣ ಗುರುವಿನ ಸೆಳೆತದಿಂದ ಅದರ ಒಡಲು ಹಿಂಡಿಹೋಗಿ ಬಿಸಿಯೇರಿ ಅಲ್ಲಿ ಜ್ವಾಲಾಮುಖಿಗಳು ಸಿಡಿಯುತ್ತಿವೆ. ಒಂದು ಅನುಪಾತಕ್ಕೆ ಕಾರಣವಿದೆ, ಇನ್ನೊಂದಕ್ಕೆ ಇಲ್ಲ. ನಿಮ್ಮ ವಾಕ್ಯದಲ್ಲಿ ಎರಡಕ್ಕೂ ಒಂದೇ ಆರತಿ.

ನಾಟಿಲಸ್ ಎಂಬ ಕಡಲಜೀವಿಯ ಸುರುಳಿ ಚಿಪ್ಪು ಸುವರ್ಣ ಅನುಪಾತದಂತೆ (ಸುಮಾರು 1.618) ಬೆಳೆಯುತ್ತದೆ ಎನ್ನುವ ನಿಮ್ಮ ಪ್ಯಾರಾಕ್ಕೂ ಇದೇ ರೋಗ. ಸುವರ್ಣ ಅನುಪಾತದ ಸುರುಳಿ ಕಾಲು ಸುತ್ತಿಗೆ 1.618 ಪಟ್ಟು, ಅಂದರೆ ಪೂರ್ತಿ ಸುತ್ತಿಗೆ ಸುಮಾರು 6.85 ಪಟ್ಟು ಹಿಗ್ಗಬೇಕು. ನಾಟಿಲಸ್ ಹಿಗ್ಗುವುದು ಸುಮಾರು 3 ಪಟ್ಟು. ನೀವೇ ಬರೆದ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟಿದ್ದರೂ ಇದು ತಿಳಿಯುತ್ತಿತ್ತು.

ಲೇಖನದ ಜೊತೆಗಿನ ಪತ್ರದಲ್ಲಿ ‘ಲೆಕ್ಕ ಬಂದರೆ ಕನ್ನಡದ ಓದುಗರು ಪುಟ ತಿರುವುತ್ತಾರೆ’ ಎಂದು ಬರೆದಿದ್ದೀರಿ. 1874ರ ಸಂಕ್ರಮಣಕ್ಕೆ ಮುಂಚೆ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅದನ್ನು ಜನರಿಗೆ ವಿವರಿಸಲು ಒಂದು ಹೊತ್ತಗೆ ಬರೆದರು, ಅದು ಕನ್ನಡದಲ್ಲೂ ಬಂದಿತ್ತು. ಅಂದಿನ ಓದುಗರ ಮೇಲೆ ಅವರಿಗಿದ್ದ ಭರವಸೆ ಇಂದಿನವರ ಮೇಲೆ ನಿಮಗೇಕಿಲ್ಲ? ಕಥೆಯೇ ಬೇಕಾದರೆ ಇಂಗ್ಲೆಂಡಿನ ಜೆರೆಮಯ್ಯ ಹೊರಾಕ್ಸ್ ಇದ್ದಾನೆ. ಖಗೋಳಜ್ಞ ಕೆಪ್ಲರನ ಗ್ರಹಸ್ಥಾನದ ಕೋಷ್ಟಕಗಳ ಪ್ರಕಾರ 1639ರಲ್ಲಿ ಶುಕ್ರ ಸೂರ್ಯಬಿಂಬವನ್ನು ಕೂದಲೆಳೆಯಷ್ಟು ತಪ್ಪಿಸಿಕೊಂಡು ಹೋಗಬೇಕಿತ್ತು; ಇಪ್ಪತ್ತರ ಆಸುಪಾಸಿನ ಈ ಹುಡುಗ ತನ್ನ ವೀಕ್ಷಣೆಗಳಿಗೂ ಕೋಷ್ಟಕಗಳಿಗೂ ಇದ್ದ ಪುಟ್ಟ ವ್ಯತ್ಯಾಸವನ್ನು ಹಿಡಿದು ಲೆಕ್ಕ ತಿದ್ದಿ, ಹೇಳಿದ ದಿನವೇ ಅದನ್ನು ಕಂಡ. ಅವನೂ ಅವನ ಗೆಳೆಯ ವಿಲಿಯಂ ಕ್ರ್ಯಾಬ್‌ಟ್ರೀಯೂ ಬಿಟ್ಟರೆ ಅಂದು ಅದನ್ನು ನೋಡಿದವರು ಯಾರೂ ದಾಖಲೆಯಲ್ಲಿಲ್ಲ.

ಶುಕ್ರನ ಪ್ಯಾರಾವನ್ನು ಎರಡು ಪುಟಕ್ಕೆ ಹಿಗ್ಗಿಸಿ. ಪದ್ಮದ ಚಿತ್ರವನ್ನು 8 ವರ್ಷದ ಬದಲು 240 ವರ್ಷಗಳಿಗೆ ಬರೆದು ಕಳುಹಿಸಿ. ಗೆರೆಗಳು ದಟ್ಟವಾಗುತ್ತವೆ, ಆದ್ದರಿಂದ ಸಣ್ಣ ಮೊನೆಯ ಪೆನ್ನು ಬಳಸಿ. ಶೀರ್ಷಿಕೆ ಹಾಗೇ ಇರಲಿ. ನಾಟಿಲಸ್ಸನ್ನು ನಾನೇ ತೆಗೆದಿದ್ದೇನೆ.

ವಿಶ್ವಾಸದಿಂದ,
ಸಂಪಾದಕ