ಆ ತೊಂಬತ್ತು ಮಂದಿ ಎಲ್ಲಿದ್ದರು?

ಪತ್ರ: "ಸಂಪಾದಕರೇ, ಈಚೆಗೆ ಮಗಳ ಮನೆಗೆಂದು ಅಮೆರಿಕದ ಡಲ್ಲಾಸ್‌ಗೆ ಹೋಗಿದ್ದೆ. ಎರಡನೇ ಕ್ಲಾಸಿನ ಮೊಮ್ಮಗಳು ಒಂದು ಸಂಜೆ ನನಗೊಂದು ಆಟ ಕಲಿಸಿದಳು. ದೀಪ ಆರಿಸಬೇಕು, ಬಾಗಿಲಿನಿಂದ ಕಾಣದ ಮೂಲೆಯಲ್ಲಿ ಕೂರಬೇಕು, ಕೆಮ್ಮಬಾರದು. ಶಾಲೆಗೆ ಬಂದೂಕು ಹಿಡಿದು ಯಾರಾದರೂ ನುಗ್ಗಿದರೆ ಏನು ಮಾಡಬೇಕೆಂದು ಕಲಿಸುವ ಅಭ್ಯಾಸವಂತೆ ಅದು. ಬಂದೂಕು ಕೊಳ್ಳುವವನ ಹಿನ್ನೆಲೆ ವಿಚಾರಿಸಲೇಬೇಕೆಂದು ಅಲ್ಲಿ ನೂರಕ್ಕೆ ತೊಂಬತ್ತು ಜನ ಹೇಳುತ್ತಾರೆ. ಆದರೂ ಕಾನೂನು ಆಗುವುದಿಲ್ಲ. ಬಂದೂಕು ಲಾಬಿಯ ದುಡ್ಡಿನ ಮುಂದೆ ಜನಾಭಿಪ್ರಾಯಕ್ಕೆ ಬೆಲೆಯೇ ಇಲ್ಲ ಅಂದ ಮೇಲೆ ಅದೆಂಥ ಪ್ರಜಾಪ್ರಭುತ್ವ? ನಮ್ಮ ಕೊಡಗಿನಲ್ಲೂ ಮನೆಮನೆಯಲ್ಲಿ ಕೋವಿ ಇದೆಯಲ್ಲ, ಅಲ್ಲಿಲ್ಲದ ರೋಗ ಇವರಿಗೇಕೆ?" — ನಿವೃತ್ತ ಮೇಷ್ಟ್ರು, ಶಿರಸಿ

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. 'ಕೆಮ್ಮಬಾರದು' ಅನ್ನುವಲ್ಲಿ ಎಲ್ಲರೂ ಒಂದು ಕ್ಷಣ ನಿಂತೆವು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಪೂರ್ತಿ ದುಡ್ಡಿನ ಮೇಲೆ ಹೋಯಿತಲ್ಲ, ಅಲ್ಲಿ ನನ್ನದೊಂದು ತಕರಾರು.

ದುಡ್ಡು ಇಲ್ಲವೆನ್ನುತ್ತಿಲ್ಲ. ನೀವು ಹೇಳುವ ಬಂದೂಕು ಲಾಬಿಯ ಮುಖ್ಯ ಸಂಸ್ಥೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಧಾರಾಳವಾಗಿ ಖರ್ಚು ಮಾಡಿದೆ, ರಾಜಕಾರಣಿಗಳಿಗೆ ಶಾಲೆಯಲ್ಲಿ ಕೊಟ್ಟಂತೆ ಗ್ರೇಡನ್ನೂ ಕೊಟ್ಟಿದೆ. ಆದರೆ ಎಲ್ಲವೂ ದುಡ್ಡಿನಿಂದಲೇ ಆಯಿತು ಎಂದುಕೊಂಡರೆ ನಮಗೊಂದು ಸಮಾಧಾನ ಸಿಗುತ್ತದೆ. ಕಳ್ಳ ಬೇರೆಲ್ಲೋ ಇದ್ದಾನೆ, ನಾವು ಸಾಚಾ. ಆ ಸಮಾಧಾನವೇ ನನಗೆ ಆಗಿಬರುವುದಿಲ್ಲ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ನ್ಯೂಟೌನ್‌ನಲ್ಲಿ, ಸ್ಯಾಂಡಿ ಹುಕ್ ಶಾಲೆಯೊಳಗೆ 20 ಮಕ್ಕಳು, 6 ಮಂದಿ ದೊಡ್ಡವರು ಗುಂಡಿಗೆ ಬಲಿಯಾದರು. ಮಕ್ಕಳಿಗೆ ಆರೋ ಏಳೋ ವರ್ಷ. ಇನ್ನಾದರೂ ಕಾನೂನು ಆಗಿಯೇ ಆಗುತ್ತದೆ ಅಂದುಕೊಂಡವರು ತುಂಬ ಜನ. ಕೇಳಿದ್ದು ದೊಡ್ಡದೇನೂ ಅಲ್ಲ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಂಡರೆ ಅಲ್ಲಿ ಹಿನ್ನೆಲೆಯ ತಪಾಸಣೆ ಮೊದಲಿನಿಂದಲೂ ಇದೆ, 1993ರ ಬ್ರೇಡಿ ಕಾನೂನಿನ ಫಲ ಅದು. ಆದರೆ ವ್ಯಾಪಾರಿಯಲ್ಲದ ಒಬ್ಬ ಮನುಷ್ಯ ತನ್ನ ಬಂದೂಕನ್ನು ಗನ್ ಶೋ ಎಂಬ ಬಂದೂಕಿನ ಸಂತೆಯಲ್ಲೋ, ಇಂಟರ್‌ನೆಟ್ ಜಾಹೀರಾತು ನೋಡಿ ಬಂದವನಿಗೋ ಮಾರಿದರೆ ಕೇಂದ್ರದ ಕಾನೂನು ತಪಾಸಣೆ ಕೇಳುವುದಿಲ್ಲ. ಈ ಕಿಂಡಿ ಮುಚ್ಚಲು ಡೆಮಾಕ್ರಟ್ ಜೋ ಮ್ಯಾಂಚಿನ್, ರಿಪಬ್ಲಿಕನ್ ಪ್ಯಾಟ್ ಟೂಮಿ ಸೇರಿ ತಿದ್ದುಪಡಿ ತಂದರು. ಆಗ ನಡೆದ ಸಮೀಕ್ಷೆಗಳಲ್ಲೇ ನಿಮ್ಮ ತೊಂಬತ್ತರ ಲೆಕ್ಕ ಬಂದದ್ದು. 2013ರ ಏಪ್ರಿಲ್ 17ರಂದು ಸೆನೆಟ್‌ನಲ್ಲಿ ಪರವಾಗಿ 54, ವಿರುದ್ಧ 46 ಮತ ಬಿದ್ದವು. ಅಲ್ಲಿನ ನಿಯಮದಂತೆ ಬೇಕಿದ್ದದ್ದು 60. ಅಲ್ಲಿಗೆ ಮುಗಿಯಿತು.

ವಿರುದ್ಧ ಮತ ಹಾಕಿದವರಲ್ಲಿ ನಾರ್ತ್ ಡಕೋಟಾದ ಡೆಮಾಕ್ರಟ್ ಹೈಡಿ ಹೈಟ್‌ಕ್ಯಾಂಪ್ ಕೂಡ ಇದ್ದರು. ಯಾಕಮ್ಮಾ ಹೀಗೆ ಮಾಡಿದಿರಿ ಎಂದು ಕೇಳಿದವರಿಗೆ ಅವರು ಕೊಟ್ಟ ಲೆಕ್ಕ ಇದು: ಕಚೇರಿಗೆ ಬಂದ ಫೋನ್ ಕರೆಗಳಲ್ಲಿ ಬೇಡ ಎಂದವು ಏಳಾದರೆ ಬೇಕು ಎಂದದ್ದು ಒಂದು. ನೆಪ ಅಂತೀರಾ? ಇರಬಹುದು. ಆದರೆ ನೆಪಕ್ಕೂ ಆಧಾರ ಬೇಕಲ್ಲ. ಸೆನೆಟರ್ ಕಚೇರಿಯಲ್ಲಿ ಫೋನ್ ಎತ್ತುವ ಹುಡುಗ ಒಂದೊಂದು ಕರೆಗೂ ಒಂದೊಂದು ಗೀಟು ಹಾಕುತ್ತಾನೆ. ಸಂಜೆ ಆ ಹಾಳೆ ಒಳಗೆ ಹೋಗುತ್ತದೆ. ಸಮೀಕ್ಷೆಯವನು ಮನೆಗೇ ಫೋನ್ ಮಾಡಿದಾಗ 'ಹೌದು, ಬೇಕು' ಅಂದವರು ಫೋನ್ ಇಟ್ಟು ಊಟಕ್ಕೆ ಎದ್ದರು. 'ಬೇಡ' ಅಂದವರು ತಾವೇ ನಂಬರ್ ಹುಡುಕಿ ಫೋನ್ ಮಾಡಿದರು. ಆ ಹಾಳೆಯಲ್ಲಿ ಇವರೇ ಜಾಸ್ತಿ.

ಅದೇ ವರ್ಷ ಕೊಲರಾಡೋ ರಾಜ್ಯದಲ್ಲಿ ತಪಾಸಣೆಯ ಕಾನೂನು ಆಗಿಯೂ ಬಿಟ್ಟಿತು. ಸೆಪ್ಟೆಂಬರ್ ಹೊತ್ತಿಗೆ ವಿರೋಧಿಗಳು ಸಹಿ ಸಂಗ್ರಹಿಸಿ, ಮತದಾನ ಮಾಡಿಸಿ, ಅದಕ್ಕೆ ಮತ ಹಾಕಿದ್ದ ಇಬ್ಬರು ರಾಜ್ಯ ಸೆನೆಟರ್‌ಗಳನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದರು. ಒಬ್ಬರು ಸೆನೆಟ್ ಅಧ್ಯಕ್ಷ ಜಾನ್ ಮೋರ್ಸ್. ಸೋತದ್ದು ಕೆಲವೇ ನೂರು ಮತಗಳಿಂದ. ಆ ಕೆಲವು ನೂರು ಮಂದಿ ಸಮೀಕ್ಷೆಯಲ್ಲಿ ಇರಲಿಲ್ಲವೇ? ಖಂಡಿತ ಇದ್ದರು. ಮತಗಟ್ಟೆಯಲ್ಲಿ ಇರಲಿಲ್ಲ.

ಇನ್ನೂ ಕಹಿಯಾದ ಮಾತೊಂದಿದೆ. 2016ರಲ್ಲಿ ಮೇಯ್ನ್ ಮತ್ತು ನೆವಾಡಾ ರಾಜ್ಯಗಳಲ್ಲಿ ಇದೇ ತಪಾಸಣೆಯ ಪ್ರಶ್ನೆಯನ್ನು ನೇರವಾಗಿ ಜನರ ಮತಕ್ಕೇ ಹಾಕಿದರು. ನಡುವೆ ಸೆನೆಟರ್ ಇಲ್ಲ, 60ರ ಲೆಕ್ಕ ಇಲ್ಲ. ನೆವಾಡಾದಲ್ಲಿ ಕೂದಲೆಳೆಯಲ್ಲಿ ಗೆದ್ದಿತು, ಮೇಯ್ನ್‌ನಲ್ಲಿ ಸೋತೇ ಹೋಯಿತು. ಸಮೀಕ್ಷೆಯಲ್ಲಿ ತೊಂಬತ್ತು ಇದ್ದದ್ದು ಮತಪೆಟ್ಟಿಗೆಗೆ ಬರುವಷ್ಟರಲ್ಲಿ ಐವತ್ತರ ಆಸುಪಾಸಿಗೆ ಇಳಿದಿತ್ತು.

ಇನ್ನೊಂದು ಕಡೆಯವರ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಕೇಳುತ್ತೀರಿ. ಮೊಂಟಾನಾದ ಬಯಲಿನಲ್ಲಿ ಒಂಟಿ ಮನೆ. ಪೊಲೀಸರು ಬಂದು ಮುಟ್ಟಲು ಗಂಟೆ ಬೇಕು. ಅವನಿಗೆ ಕೋವಿ ಬೇಡ ಎನ್ನಲು ನಾನ್ಯಾರು? ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು 2008ರ ಹೆಲ್ಲರ್ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟೂ ಹೇಳಿದೆ. ಸರಿ, ಒಪ್ಪಿದೆ. ಮುಂದೆ ಹೋಗೋಣ.

ಕೊಡಗಿನ ಮಾತು ತೆಗೆದಿರಿ. ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ ಪೂವಿನಿಂದ ಸಿಂಗರಿಸಿ ಪೂಜೆಗಿಟ್ಟ ಕೋವಿಗಳನ್ನು ನಾನೂ ನೋಡಿದ್ದೇನೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ಇದೆ. ಆದರೆ ವಿನಾಯಿತಿ ಪತ್ರ ಜಿಲ್ಲಾಧಿಕಾರಿ ಕಚೇರಿಯಿಂದ ಬರುತ್ತದೆ. ಯಾರ ಮನೆಯ ಕೋವಿ ಯಾವುದು ಎಂದು ಕಚೇರಿಗೂ ಗೊತ್ತು, ಊರಿಗೂ ಗೊತ್ತು. ಅಮೆರಿಕದಲ್ಲಿ ಅಂಥ ಪಟ್ಟಿ ಇಡಬೇಡಿ ಎಂದು ಕೇಂದ್ರ ಸರ್ಕಾರಕ್ಕೆ ಕಾನೂನೇ ಕೈ ಕಟ್ಟಿದೆ, 1986ರಿಂದ.

ಇದರ ಫಲ ನೋಡಬೇಕೆಂದರೆ ವೆಸ್ಟ್ ವರ್ಜಿನಿಯಾದ ಮಾರ್ಟಿನ್ಸ್‌ಬರ್ಗ್‌ಗೆ ಹೋಗಬೇಕು. ಕೊಲೆ ನಡೆದ ಜಾಗದಲ್ಲಿ ಬಂದೂಕು ಸಿಕ್ಕರೆ ಅದು ಯಾರದೆಂದು ಹುಡುಕುವ ಸರ್ಕಾರಿ ಕಚೇರಿ ಅಲ್ಲಿದೆ. ನಂಬರ್ ಒತ್ತಿದರೆ ಕಂಪ್ಯೂಟರ್ ಹೆಸರು ಹೇಳುತ್ತದೆ ಅಂದುಕೊಂಡಿರಾ? ಇಲ್ಲ. ನೌಕರರು ಬಂದೂಕಿನ ನಂಬರ್ ಹಿಡಿದು ತಯಾರಕರಿಗೆ ಫೋನ್ ಮಾಡುತ್ತಾರೆ. ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ. ಅಂಗಡಿಯವನು ಗಿರಾಕಿ ತುಂಬಿಕೊಟ್ಟ ಫಾರಂ ಹುಡುಕಿ ಹೇಳಬೇಕು. ಅಂಗಡಿ ಮುಚ್ಚಿದ್ದರೆ ಅದರ ಕಾಗದವೆಲ್ಲ ಡಬ್ಬಗಳಲ್ಲಿ ಇದೇ ಕಚೇರಿಗೆ ಬಂದು ಬಿದ್ದಿರುತ್ತದೆ. ಭಾರಕ್ಕೆ ನೆಲ ಕುಸಿದೀತೆಂದು ಡಬ್ಬಗಳನ್ನು ಹೊರಗೆ ಸರಕಿನ ಕಂಟೇನರ್‌ಗಳಲ್ಲಿ ತುಂಬಿಟ್ಟದ್ದೂ ಉಂಟು. ಸ್ಕ್ಯಾನ್ ಮಾಡುತ್ತಾರೆ, ಆದರೆ ಬರೀ ಚಿತ್ರವಾಗಿ. ಹೆಸರಿನಿಂದ ಹುಡುಕುವಂತಿಲ್ಲ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದ ಗುಮಾಸ್ತರು ಹೀಗೆ ಪುಟ ತಿರುವುತ್ತಾ ಕೂತಿದ್ದಾರೆ. ಇವತ್ತು ಪಟ್ಟಿ ಮಾಡಿದವರು ನಾಳೆ ಕಿತ್ತುಕೊಳ್ಳಲು ಬರುತ್ತಾರೆ ಎಂಬ ಭಯ ಕೆಲವರಿಗೆ. ಆ ಕೆಲವರು ಫೋನ್ ಮಾಡುವುದನ್ನು ಇವತ್ತಿಗೂ ನಿಲ್ಲಿಸಿಲ್ಲ.

ಅಭಿಪ್ರಾಯವೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ ಮೇಷ್ಟ್ರೇ. 1959ರಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ, ಪೊಲೀಸರಂಥವರನ್ನು ಬಿಟ್ಟು ಮಿಕ್ಕವರಿಗೆ ಕೈಪಿಸ್ತೂಲನ್ನೇ ನಿಷೇಧಿಸಿ ಎಂದವರು ನೂರಕ್ಕೆ 60. ಈಗ ಹಾಗೆನ್ನುವವರು ಅದರ ಅರ್ಧವೂ ಇಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುಂಡು ತುಂಬಿದ ಬಂದೂಕು ಹಿಡಿದು ಬೀದಿಯಲ್ಲಿ ಓಡಾಡುವುದನ್ನು ನಿಲ್ಲಿಸಿದ ಕಾನೂನಿಗೆ ಸಹಿ ಹಾಕಿದ್ದು ಗವರ್ನರ್ ರೊನಾಲ್ಡ್ ರೇಗನ್! ಬಂದೂಕು ಹಿಡಿದು ಓಡಾಡುತ್ತಿದ್ದವರು ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು, ಅದೂ ಒಂದು ಕಾರಣ ಅನ್ನಿ. ರೈಫಲ್ ಅಸೋಸಿಯೇಷನ್ ಕೂಡ ಆಗ ಅಡ್ಡ ಬರಲಿಲ್ಲ. 1871ರಲ್ಲಿ ಗುರಿ ಹೊಡೆಯುವುದು ಕಲಿಸಲೆಂದು ಹುಟ್ಟಿದ ಸಂಸ್ಥೆ ಅದು. 1977ರಲ್ಲಿ ಸಿನ್ಸಿನಾಟಿಯ ವಾರ್ಷಿಕ ಸಭೆಯಲ್ಲಿ ಸದಸ್ಯರ ಒಂದು ಗುಂಪು ಹಳೆಯ ಪದಾಧಿಕಾರಿಗಳನ್ನು ಮತ ಹಾಕಿಯೇ ಕೆಳಗಿಳಿಸಿತು. ಸಭೆ ನಡುರಾತ್ರಿ ದಾಟಿತು, ಅವರು ಎದ್ದು ಹೋಗಲಿಲ್ಲ. ಅಲ್ಲಿಂದ ಸಂಸ್ಥೆಯ ದಾರಿ ಬಂದೂಕು ಹಕ್ಕಿನ ರಾಜಕಾರಣದ ಕಡೆಗೆ ಬದಲಾಯಿತು.

ಹಾಗೆ ಕೂತವರು ಈ ಕಡೆಯೂ ಇದ್ದಾರೆ, ನನ್ನ ಮೆಚ್ಚುಗೆಯೆಲ್ಲ ಅವರಿಗೇ. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಹೈಸ್ಕೂಲಿನಲ್ಲಿ 17 ಜನ ಸತ್ತರು. ಒಂದು ವಾರದೊಳಗೆ ಸುಮಾರು ನೂರು ವಿದ್ಯಾರ್ಥಿಗಳು ಬಸ್ ಹತ್ತಿ ರಾಜಧಾನಿ ಟಲ್ಲಹಾಸಿಗೆ ಹೋದರು. ಶಾಸಕರ ಕೋಣೆಗಳ ಮುಂದೆ ನಿಂತರು. ಮಾರ್ಚ್ 9ಕ್ಕೆ ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಕಾನೂನಿಗೆ ಸಹಿ ಹಾಕಿದರು. ಬಂದೂಕು ಕೊಳ್ಳಲು 21 ವರ್ಷ ಆಗಿರಬೇಕು, ಅಪಾಯಕಾರಿ ಎಂದು ಕಂಡವನ ಬಂದೂಕನ್ನು ಕೋರ್ಟಿನ ಆದೇಶದಿಂದ ತೆಗೆದಿಡಬಹುದು. ಶಾಸಕರೂ ಅವರೇ, ಲಾಬಿಯೂ ಅದೇ. ಬಾಗಿಲಲ್ಲಿ ನಿಂತವರು ಮಾತ್ರ ಬೇರೆ.

ಬಂದು ನಿಂತವರೆಲ್ಲ ಗೆಲ್ಲುತ್ತಾರೆಂದು ನಾನು ಹೇಳುತ್ತಿಲ್ಲ. 2022ರ ಮೇ ತಿಂಗಳಲ್ಲಿ ನಿಮ್ಮ ಮಗಳ ಟೆಕ್ಸಸ್‌ನಲ್ಲೇ, ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತರು. ಪೊಲೀಸರು 77 ನಿಮಿಷ ತರಗತಿಯ ಹೊರಗೇ ನಿಂತಿದ್ದರು. ವಾಷಿಂಗ್ಟನ್‌ನಲ್ಲಿ ಒಂದು ಸಾಧಾರಣ ಕಾನೂನು ಆಯಿತು, ಅದೇ ಸುಮಾರು ಮೂವತ್ತು ವರ್ಷಗಳಲ್ಲಿ ದೊಡ್ಡದು ಅನ್ನಿಸಿಕೊಂಡಿತು. ಟೆಕ್ಸಸ್ ಶಾಸನಸಭೆಯಲ್ಲಿ ಮಾತ್ರ, ಮಕ್ಕಳ ಹೆತ್ತವರು ಬಂದು ಕಾದರೂ, ಬಂದೂಕು ಕೊಳ್ಳುವ ವಯಸ್ಸು ಏರಿಸುವ ಮಸೂದೆ ಗಡುವು ದಾಟಿ ಸತ್ತಿತು. ಒಂದು ಊರಿನವರು ಬಂದರೆ ಸಾಲದು.

ನಮ್ಮಲ್ಲಿ ಏನು ಕಡಿಮೆ? ಕನ್ನಡ ಶಾಲೆ ಮುಚ್ಚಬಾರದು ಎಂದು ಈ ಪತ್ರಿಕೆಗೆ ಬರುವ ಪತ್ರಗಳನ್ನು ಕಟ್ಟಿಟ್ಟರೆ ಒಂದು ಬೀರು ತುಂಬುತ್ತದೆ. ಒಮ್ಮೆ ತಲೆಹರಟೆ ಮಾಡಿ, ಬರೆದವರ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ಕಾರ್ಡ್ ಹಾಕಿ ಕೇಳಿದೆ. ಬಹಳ ಜನ ಉತ್ತರಿಸಲಿಲ್ಲ, ಇಬ್ಬರು ಚಂದಾ ನಿಲ್ಲಿಸಿದರು. ಟೀವಿಯವರು ರಾತ್ರಿ ಒಂಬತ್ತಕ್ಕೆ 'ಹೌದು'ಗೆ ಒಂದು ನಂಬರ್, 'ಇಲ್ಲ'ಕ್ಕೆ ಒಂದು ನಂಬರ್ ಕೊಡುತ್ತಾರೆ. ಮಿಸ್ಡ್ ಕಾಲ್ ಕೊಟ್ಟವನಿಗೆ ದೇಶಸೇವೆ ಮಾಡಿದಷ್ಟು ಸುಖ. ಗ್ರಾಮಸಭೆಯ ದಿನ ಅವನೇ ನಾಪತ್ತೆ. ಸುಮ್ನೆ ಕೂತು ಇಟ್ಟುಕೊಂಡ ಅಭಿಪ್ರಾಯಕ್ಕೆ ಯಾವ ರಾಜಕಾರಣಿಯೂ ಹೆದರುವುದಿಲ್ಲ. ಯಾಕೆ ಹೆದರಬೇಕು, ಅಲ್ವಾ?

ಈಗ ನಿಮ್ಮ ಮಗಳ ವಿಷಯ. 2021ರಲ್ಲಿ ಟೆಕ್ಸಸ್ ಸರ್ಕಾರ ಪರವಾನಗಿಯೇ ಇಲ್ಲದೆ ಕೈಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು ಎಂದು ಕಾನೂನು ಮಾಡಿತು. ಅಲ್ಲಿನ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೇಡವೆಂದಿದ್ದರು. ಆ ರಾಜ್ಯದಲ್ಲಿ ಬಹುಪಾಲು ಕ್ಷೇತ್ರಗಳ ಹಣೆಬರಹ ನವೆಂಬರಿನ ಚುನಾವಣೆಗೆ ಮೊದಲೇ, ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿ ಮತದಾನದಲ್ಲಿ ತೀರ್ಮಾನವಾಗುತ್ತದೆ. 2022ರ ಮಾರ್ಚ್ ಪ್ರೈಮರಿಗೆ, ಎರಡೂ ಪಕ್ಷ ಸೇರಿಸಿದರೂ, ಮತಪಟ್ಟಿಯಲ್ಲಿದ್ದವರ ಐದರಲ್ಲಿ ಒಂದು ಪಾಲೂ ಬರಲಿಲ್ಲ. ಮಗಳು, ಅಳಿಯ ಅಲ್ಲಿನ ಪೌರರಾಗಿದ್ದಾರೋ? ಆಗಿದ್ದರೆ ಆ ಮಾರ್ಚ್ ತಿಂಗಳಲ್ಲಿ ಮತಗಟ್ಟೆಗೆ ಹೋಗಿದ್ದರೋ? ಅವರ ಕ್ಷೇತ್ರದ ರಾಜ್ಯ ಶಾಸಕರ ಹೆಸರು ಅವರಿಗೆ ಗೊತ್ತೋ? ಭಾನುವಾರದ ವಿಡಿಯೋ ಕಾಲ್‌ನಲ್ಲಿ ಒಮ್ಮೆ ಕೇಳಿ ನೋಡಿ. ಬೇಜಾರು ಮಾಡಿಕೊಂಡರೆ ಈ ಸಂಪಾದಕ ಕೇಳಿಸಿದ ಎಂದು ನನ್ನ ಮೇಲೆ ಹಾಕಿ. ಬಂದ ಉತ್ತರವನ್ನು ಬರೆದು ಕಳಿಸಿ, ಹೆಸರು ಬಿಟ್ಟು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ