ಮತ್ತೆ ದೀಕ್ಷಾಸ್ನಾನ ಬೇಕಾಗಿಲ್ಲ

ನೀವು ಬಳ್ಳಾರಿಯ ಕಥೋಲಿಕರು, ನೀವು ಮದುವೆಯಾಗಬೇಕೆಂದಿರುವ ಹುಡುಗಿ ರಾಯಚೂರಿನ ಮೆಥಡಿಸ್ಟ್, ಅಂದರೆ ಪ್ರೊಟೆಸ್ಟಂಟ್ ಪಂಗಡದವರು. ಅವರು ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತಗೋಬೇಕು ಎಂದು ನಿಮ್ಮ ಹಿರಿಯರು ಹಟ ಹಿಡಿದಿರುವುದಕ್ಕೆ, ಬೇರೆ ಸಭೆಯ (ಚರ್ಚಿನ) ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ ಎಂಬ ತಪ್ಪು ತಿಳುವಳಿಕೆಯೇ ಕಾರಣ ಇರಬೇಕು. ತಂದೆ, ಮಗ, ಪವಿತ್ರಾತ್ಮರ ಹೆಸರಲ್ಲಿ ನೀರಿನಿಂದ ಕೊಟ್ಟಿದ್ದರೆ ಕಥೋಲಿಕ ಸಭೆ ಒಪ್ಪುತ್ತದೆ, ಎರಡನೇ ಸಲ ಕೊಡುವುದಿಲ್ಲ. ಬರೀ ಯೇಸುವಿನ ಹೆಸರಲ್ಲಿ ಕೊಟ್ಟಿದ್ದರೆ ಮಾತ್ರ ಫಾದರ್ ವಿಚಾರಿಸಬೇಕಾಗುತ್ತದೆ.

ಮೊದಲು ಹುಡುಗಿಯ ಪಾಸ್ಟರ್ ಹತ್ತಿರ ದೀಕ್ಷಾಸ್ನಾನದ ಸರ್ಟಿಫಿಕೇಟ್ ಪಡೆಯಿರಿ. ಅದನ್ನು ನಿಮ್ಮ ಫಾದರ್‌ಗೆ ತೋರಿಸಿ, ಮಿಶ್ರ ವಿವಾಹಕ್ಕೆ, ಅಂದರೆ ಬೇರೆ ಸಭೆಯ ಕ್ರೈಸ್ತರನ್ನು ಮದುವೆಯಾಗಲು, ಬಿಷಪ್ ಅನುಮತಿ ಕೇಳಿ. ರಾಯಚೂರೂ ಬಳ್ಳಾರಿ ಧರ್ಮಪ್ರಾಂತ್ಯಕ್ಕೇ (ಬಿಷಪ್ ನೋಡಿಕೊಳ್ಳುವ ಪ್ರದೇಶಕ್ಕೇ) ಸೇರುತ್ತದೆ. ಅನುಮತಿ ಕೇಳುವಾಗ ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂದು ನೀವು ಮಾತು ಕೊಡಬೇಕು. ಇದನ್ನು ಹುಡುಗಿಗೆ ಈಗಲೇ ಹೇಳಿ, ಆಮೇಲೆ ಗೊತ್ತಾದರೆ ನೋವು ಜಾಸ್ತಿ. ಹಿರಿಯರ ಜೊತೆ ಸುಮ್ನೆ ವಾದ ಬೇಡ, ಫಾದರ್ ಬಾಯಿಂದಲೇ ಹೇಳಿಸಿ.